ಲಾವಣಿಗೆ ಕಿವಿಗೊಟ್ಟ ಫ್ಲೀಟ್ ಸಾಹೇಬರು

ಲೋಕಾಪುರದವನಾದ ನನಗೆ ಹಲಗಲಿ ಪರಸ್ಥಳವಲ್ಲ. ಎರಡೂ ಮುಧೋಳ ತಾಲೂಕಿನ ಊರುಗಳೇ. ಆ ಊರಿನ ಬೇಡರ ಲಾವಣಿಯನ್ನು ಅಚ್ಚಿಗೆ ತಂದವರು ಒಬ್ಬ ಆಂಗ್ಲ ಅಧಿಕಾರಿಗಳೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

ಜಾನ್ ಫೇತ್‌ಫುಲ್ ಫ್ಲೀಟರು ಹುಟ್ಟಿದ್ದು 1847ರಲ್ಲಿ. ಲಂಡನ್ನಿನಲ್ಲಿ ಸಂಸ್ಕೃತವನ್ನು ಅಭ್ಯಸಿಸಿ, 1867ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಬಂದರು. 1872ರಲ್ಲಿ ಶಾಲೆಗಳ ತನಿಖಾಧಿಕಾರಿಗಳಾದರು. 1875ರಲ್ಲಿ ಕೊಲ್ಹಾಪುರ ಹಾಗೂ ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜಂಟರಾದರು. ಮುಧೋಳ, ಜಮಖಂಡಿ ಸಂಸ್ಥಾನಗಳು ಆ ಸೀಮೆಗೆ ಸೇರಿದ್ದವು. ವಿದ್ವಜ್ಜನರು ಅವರನ್ನು ಬಲ್ಲುದು ಶಾಸನಗಳಿಂದ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥ 1882ರಲ್ಲಿಯೂ, ಗುಪ್ತ ಶಾಸನಗಳ ಸಂಪುಟ 1888ರಲ್ಲಿಯೂ ಹೊರಬಂದವು.

ಆದರೆ ಕಲ್ಲಿನ ಅಕ್ಷರವನ್ನು ಓದಿದ ಆ ಕಣ್ಣಿಗೆ ಜೊತೆಯಾಗಿ, ದಪ್ಪು–ತುಂತುಣಿಯ ನಾದಕ್ಕೆ ಒಲಿದ ಕಿವಿಯೂ ಇತ್ತು. 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿದರು. ಸಂಗೊಳ್ಳಿ ರಾಯಣ್ಣ, ಸಂಗ್ಯಾನ ಸಾವು, ಜನರನ್ನು ಕಾಡಿದ ವರಮಾನ ತೆರಿಗೆ, ಹಲಗಲಿಯ ದಂಗೆ ಇವೆಲ್ಲ ಅಲ್ಲಿ ಸೇರಿದವು.

ಹಲಗಲಿಯ ಕಥೆ ಎಲ್ಲರಿಗೂ ತಿಳಿದುದೇ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಿತು. ಬೇಟೆಯೇ ಬದುಕಾದ ಬೇಡರಿಗೆ ಆಯುಧವೆಂದರೆ ಅನ್ನ, ಮಾನ ಎರಡೂ. ಹನುಮ, ಬಾಲ, ಜಡಗ, ರಾಮರು ಇದಿರು ನಿಂತರು. ದಂಡು ಬಂದು ಊರನ್ನು ಸುಟ್ಟಿತು. ಹಿಡಿದವರಲ್ಲಿ ಅನೇಕರನ್ನು ಗಲ್ಲಿಗೇರಿಸಿತು.

ಫ್ಲೀಟರು ಅದೇ ಆಳುವವರ ಅಧಿಕಾರಿಗಳು. ಗಲ್ಲಿಗೇರಿದವರ ಹಾಡನ್ನು ಗಲ್ಲಿಗೇರಿಸಿದವರ ಕಡೆಯವರೇ ಕಾಪಿಟ್ಟರು. ಇದನ್ನು ಪ್ರಾಯಶ್ಚಿತ್ತವೆಂದು ನಾನು ಕರೆಯಲಾರೆ. ಬರಿಯ ಕುತೂಹಲವೆಂದು ತಳ್ಳಿಹಾಕಲೂ ಮನಸ್ಸೊಪ್ಪದು. ತಮ್ಮ ಸರಕಾರವನ್ನು ಮೆಚ್ಚದ ಹಾಡುಗಳನ್ನೂ ಅವರು ಬದಿಗಿಡಲಿಲ್ಲವೆಂಬುದು ಅವರ ವಿದ್ವತ್ತಿನ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ಹಾಡನ್ನು ಕಟ್ಟಿದ್ದು ಅವರಲ್ಲ, ಈ ನೆಲದ ಕವಿ. ಹಲಗಲಿಯ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಸಾಹೇಬರನ್ನು ಹೊಗಳುವಾಗ ಆ ಕವಿಯನ್ನು ಮರೆತರೆ ಅನ್ಯಾಯವಾದೀತು.

1897ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಫ್ಲೀಟರು 1917ರಲ್ಲಿ ತೀರಿಕೊಂಡರು. ಇಂದು ಅವರು ಉಳಿಸಿದ ಆ ಲಾವಣಿಯನ್ನು ನಮ್ಮ ಶಾಲೆಯ ಮಕ್ಕಳು ಪಾಠವಾಗಿ ಓದುತ್ತಾರೆ. ಹೊರಗಿನವರೊಬ್ಬರು ಅಷ್ಟು ಆಸ್ಥೆಯಿಂದ ಆಲಿಸಿದ ಹಾಡನ್ನು, ಹಾಡುವವರು ಇನ್ನೂ ನಮ್ಮ ನಡುವೆ ಇರುವಾಗಲೇ ನಾವು ಆಲಿಸಬೇಡವೇ?