ಆಪತ್ತಿಗೆ ಸಿದ್ಧವಾದ ಸಂಸಾರ: ಹರ್ಮನ್ ಕ್ಯಾಲೆನ್‌ಬಾಕ್

ಮಹಾತ್ಮರ ಆತ್ಮಕಥೆಯನ್ನೂ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸವನ್ನೂ ಓದಿದ ವಾಚಕರಿಗೆ ಹರ್ಮನ್ ಕ್ಯಾಲೆನ್‌ಬಾಕ್ ಎಂಬ ಹೆಸರು ಹೊಸದಲ್ಲ. ಗಾಂಧೀಜಿಯವರಿಗೆ 1100 ಎಕರೆ ಭೂಮಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಜರ್ಮನ್ ಮಿತ್ರರೆಂದು ಎಲ್ಲರೂ ಅವರನ್ನು ಸ್ಮರಿಸುತ್ತಾರೆ. ಭೂಮಿಯನ್ನು ದಾನಮಾಡಿದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಕೊಟ್ಟ ಭೂಮಿಯಲ್ಲಿ ತಾವೇ ಹೋಗಿ ನಿಂತು, ಪರರ ಹೆಂಡಿರು ಮಕ್ಕಳು ಕಷ್ಟಕಾಲದಲ್ಲಿ ಯಾರ ಬಾಗಿಲಿಗೂ ಹೋಗದಂತೆ ಬದುಕುವ ಕಸುಬುಗಳನ್ನು ತಾವು ಮೊದಲು ಕಲಿತು ಅನಂತರ ಅವರಿಗೆ ಕಲಿಸಿದವರು ಎಷ್ಟು ಮಂದಿ? ಅದರಲ್ಲಿಯೂ ಈ ಪುರುಷರು ಕಡೆಯವರೆಗೆ ಅವಿವಾಹಿತರು. ಸ್ವಂತ ಸಂಸಾರವಿಲ್ಲದವರು ಅನೇಕ ಸಂಸಾರಗಳನ್ನು ಆಪತ್ತಿಗೆ ಸಿದ್ಧಪಡಿಸಿದ ಈ ಚರಿತ್ರೆಯು ನಮ್ಮ ಗೃಹಸ್ಥರು ತಿಳಿಯತಕ್ಕದ್ದೆಂದು ಭಾವಿಸಿ ಇಲ್ಲಿ ಬರೆಯುತ್ತಿದ್ದೇವೆ.

ಅವರು ಯೆಹೂದ್ಯ ಮನೆತನದಲ್ಲಿ 1871ನೆಯ ಇಸವಿಯಲ್ಲಿ ಜನಿಸಿದರು; ಈಗ ಲಿಥುವೇನಿಯಾಕ್ಕೆ ಸೇರಿರುವ, ಜರ್ಮನಿಯ ಪೂರ್ವದ ಅಂಚಿನ ಸೀಮೆ ಅವರದು. ಶಿಲ್ಪಶಾಸ್ತ್ರವನ್ನು, ಎಂದರೆ ಕಟ್ಟಡಗಳ ನಕ್ಷೆ ರಚಿಸುವ ವಿದ್ಯೆಯನ್ನು, ಜರ್ಮನಿಯಲ್ಲಿ ಅಭ್ಯಾಸಮಾಡಿ 1896ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಆ ಕಾಲದಲ್ಲಿ ಜೋಹಾನ್ಸ್‌ಬರ್ಗ್ ಚಿನ್ನದ ಗಣಿಗಳ ದೆಸೆಯಿಂದ ದಿನದಿನಕ್ಕೆ ಬೆಳೆಯುತ್ತಿದ್ದ ಪಟ್ಟಣ; ಕಟ್ಟಡ ಕಟ್ಟಿಸುವವರಿಗೆ ಕೊರತೆಯಿರಲಿಲ್ಲ. ಕ್ಯಾಲೆನ್‌ಬಾಕರು ಧನಿಕರಾದರು. ಮನೆಯ ಬಾಡಿಗೆಯನ್ನು ಬಿಟ್ಟು ತಮ್ಮೊಬ್ಬರಿಗಾಗಿಯೇ ತಿಂಗಳಿಗೆ 1200 ರೂಪಾಯಿ ಖರ್ಚುಮಾಡುತ್ತಿದ್ದರೆಂದು ಗಾಂಧೀಜಿಯವರು ಬರೆದಿದ್ದಾರೆ. ಆ ಕಾಲದ 1200 ರೂಪಾಯಿ ಎಂದರೇನೆಂಬುದನ್ನು ವಾಚಕರೇ ಊಹಿಸಬಹುದು. ಗಾಂಧೀಜಿಯವರ ಸಹವಾಸವಾದ ಮೇಲೆ ಈ ವ್ಯಯವು 120 ರೂಪಾಯಿಗೆ ಇಳಿಯಿತು.

ಈ ಇಳಿತವನ್ನು ಕೇವಲ ವೈರಾಗ್ಯವೆಂದು ಕೆಲವರು ತಿಳಿದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಸೇವಕರೂ ಅಂಗಡಿಗಳೂ ಇಲ್ಲದೆ ಬದುಕಲಾರದವನು ಸರಕಾರದ ಎದುರು ಎಷ್ಟು ದಿನ ನಿಲ್ಲಬಲ್ಲನು? ಈ ಲೆಕ್ಕವನ್ನು ಆ ಮಿತ್ರರಿಬ್ಬರೂ ಮಾಡಿದ್ದರು.

ಕ್ಯಾಲೆನ್‌ಬಾಕರ ಮೊದಲನೆಯ ಸಿದ್ಧತೆಯು ಬೇರೊಂದು ಬಗೆಯದಾಗಿತ್ತು. 1908ರಲ್ಲಿ ಗಾಂಧೀಜಿಯವರ ಮೇಲೆ ಪಠಾಣನೊಬ್ಬನಿಂದ ಹಲ್ಲೆ ನಡೆದ ನಂತರ, ಅವರನ್ನು ಕಾಯುವ ಉದ್ದೇಶದಿಂದ ಕ್ಯಾಲೆನ್‌ಬಾಕರು ಅಂಗಿಯ ಜೇಬಿನಲ್ಲಿ ಪಿಸ್ತೂಲನ್ನಿಟ್ಟುಕೊಂಡು ಅವರ ಹಿಂದೆ ತಿರುಗಹತ್ತಿದರು. ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಭಾರವನ್ನು ಕಂಡು ಗಾಂಧೀಜಿಯವರಿಗೆ ಸಂಶಯವುಂಟಾಗಿ, ವಿಷಯವು ಬಯಲಿಗೆ ಬಂದಿತು. ಟಾಲ್‌ಸ್ಟಾಯರ ಯಾವ ಗ್ರಂಥದಲ್ಲಿ ಈ ಉಪದೇಶವಿದೆಯೆಂದು ಅವರು ವಿನೋದವಾಗಿ ವಿಚಾರಿಸಲು, ಕ್ಯಾಲೆನ್‌ಬಾಕರು ನಾಚಿ ಆ ಆಯುಧವನ್ನು ಬಿಟ್ಟುಬಿಟ್ಟರು. ಆಪತ್ತು ಎಂದೊಡನೆ ಮನುಷ್ಯನ ಕೈ ಮೊದಲು ಆಯುಧಕ್ಕೆ ಹೋಗುತ್ತದೆ, ಆಮೇಲೆ ಅಕ್ಕಿಯ ಮೂಟೆಗೆ ಹೋಗುತ್ತದೆ. ಗುದ್ದಲಿಗೆ ಹೋಗುವುದು ಬಹಳ ತಡವಾಗಿ.

ಟ್ರಾನ್ಸ್‌ವಾಲಿನ ಹಿಂದೀಯರು ಏಷಿಯಾಟಿಕ್ ಕಾನೂನನ್ನು ಧಿಕ್ಕರಿಸಿ ಸೆರೆಮನೆಗೆ ಹೋಗುತ್ತಿದ್ದ ಕಾಲವದು. ಹೋದವರಲ್ಲಿ ಬಹುಜನರು ತಲೆಯ ಮೇಲೆ ಬುಟ್ಟಿ ಹೊತ್ತು ಹಣ್ಣು ತರಕಾರಿ ಮಾರಿ ಹೊಟ್ಟೆ ಹೊರೆಯುವ ಬಡವರು. ಯಜಮಾನನು ಒಳಗೆ ಹೋದ ಮರುದಿನ ಅವನ ಮಕ್ಕಳು ಏನು ತಿನ್ನಬೇಕು? ಬಾಡಿಗೆಯನ್ನು ಯಾರು ಕೊಡಬೇಕು? ಪ್ರತಿಯೊಂದು ಮನೆಗೂ ತಿಂಗಳಿಗಿಷ್ಟೆಂದು ಹಣ ಕೊಡುವ ಪದ್ಧತಿಯು ಕೆಲವು ಕಾಲ ನಡೆಯಿತು. ಆದರೆ ಯಾರಿಗೆ ಎಷ್ಟು ಅವಶ್ಯವೆಂದು ಗೊತ್ತುಮಾಡುವುದು ಕಷ್ಟವಾಯಿತು. ಹೋರಾಟವು ಎಷ್ಟು ವರ್ಷ ನಡೆದೀತೆಂಬುದೂ ತಿಳಿಯದು. ಹಣದಿಂದ ಸಂಸಾರಗಳನ್ನು ಕಾಪಾಡುವುದಾದರೆ ಹಣ ಮುಗಿದ ದಿನವೇ ಸತ್ಯಾಗ್ರಹವೂ ಮುಗಿಯುವುದು ನಿಶ್ಚಯವಿತ್ತು. ನಾತಾಲಿನ ಫೀನಿಕ್ಸ್ ಆಶ್ರಮವು ಜೋಹಾನ್ಸ್‌ಬರ್ಗಿನಿಂದ 300 ಮೈಲಿ ದೂರ. ಬಡ ಕುಟುಂಬಗಳನ್ನು ಅಲ್ಲಿಗೆ ಸಾಗಿಸುವುದು ಅಸಾಧ್ಯವಾಗಿತ್ತು.

ಆಗ, 1910ನೆಯ ಇಸವಿ ಮೇ ತಿಂಗಳಿನಲ್ಲಿ, ಕ್ಯಾಲೆನ್‌ಬಾಕರು ಲಾಲಿ ಎಂಬ ರೈಲ್ವೆ ಸ್ಟೇಷನ್ನಿನಿಂದ ಸುಮಾರು ಒಂದು ಮೈಲಿ ದೂರದಲ್ಲಿ ಈ ಜಮೀನನ್ನು ಕೊಂಡು ಸತ್ಯಾಗ್ರಹಿಗಳ ಸ್ವಾಧೀನಕ್ಕೆ ಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ತೋಟವೆಂದು ನಾಮಕರಣವಾಯಿತು. ಅಲ್ಲಿ ಸುಮಾರು ಸಾವಿರ ಹಣ್ಣಿನ ಮರಗಳೂ, ಎರಡು ಬಾವಿಗಳೂ, ಒಂದು ಊಟೆಯೂ, ಗುಡ್ಡದ ಬುಡದಲ್ಲಿ ಐದಾರು ಜನರಿಗೆ ಸಾಲುವಷ್ಟು ಒಂದು ಸಣ್ಣ ಮನೆಯೂ ಇದ್ದವು. ಬರತಕ್ಕವರೋ ಅನೇಕರು. ಹತ್ತು ಮಂದಿ ಸ್ತ್ರೀಯರಿಗೂ ಅರುವತ್ತು ಮಂದಿ ಪುರುಷರಿಗೂ ಬೇರೆಬೇರೆ ವಸತಿ, ಮಕ್ಕಳಿಗೆ ಪಾಠಶಾಲೆ, ಬಡಗಿಯ ಮತ್ತು ಮೋಚಿಯ ಕೆಲಸಗಳಿಗೆ ಒಂದು ಕಾರ್ಖಾನೆ, ಇಷ್ಟನ್ನು ತಗಡಿನಿಂದ ಕಟ್ಟುವುದೆಂದು ನಿಶ್ಚಯವಾಯಿತು. ದೊಡ್ಡ ದೊಡ್ಡ ಸೌಧಗಳ ನಕ್ಷೆ ಬರೆದ ಕೈ ಈಗ ತಗಡಿನ ಕೊಟ್ಟಿಗೆಗಳ ಅಳತೆಗೆ ಇಳಿಯಿತು. ಗುಜರಾತ್, ತಮಿಳುನಾಡು, ಆಂಧ್ರ, ಉತ್ತರ ಹಿಂದುಸ್ಥಾನಗಳ ಜನರು, ಹಿಂದುಗಳು, ಮುಸಲ್ಮಾನರು, ಪಾರ್ಸಿಗಳು, ಕ್ರೈಸ್ತರು, ಎಲ್ಲರೂ ಅಲ್ಲಿ ಕಲೆತರು. ಊಟೆಯು 500 ಗಜ ದೂರದಲ್ಲಿದ್ದುದರಿಂದ ನೀರನ್ನು ಕಾವಡಿಯಲ್ಲಿ ಹೊತ್ತು ತರಬೇಕಾಗಿತ್ತು. ನಲ್ಲಿಯಲ್ಲಿ ಒಂದು ದಿನ ನೀರು ಬಾರದಿದ್ದರೆ ಸ್ನಾನವನ್ನೂ ಸಂಧ್ಯಾವಂದನೆಯನ್ನೂ ಬಿಟ್ಟು ಕಚೇರಿಗೆ ಅರ್ಜಿ ಬರೆಯತಕ್ಕ ನಮ್ಮ ಪಟ್ಟಣವಾಸಿಗಳು (ಇದರಲ್ಲಿ ನಮ್ಮನ್ನೂ ಸೇರಿಸಿಕೊಂಡೇ ಹೇಳುತ್ತೇವೆ) ಈ 500 ಗಜವನ್ನು ಒಮ್ಮೆ ಮನಸ್ಸಿನಲ್ಲಾದರೂ ನಡೆದು ನೋಡಬಹುದು.

ಕ್ಯಾಲೆನ್‌ಬಾಕರ ವಿಶೇಷವೇನೆಂದರೆ, ಬೇಕಾದ ಕಸುಬು ತಮಗೆ ಬಾರದೆಂದು ಕಂಡೊಡನೆ ಅದನ್ನು ಬಲ್ಲವರಿದ್ದಲ್ಲಿಗೆ ಹೋಗಿ ಶಿಷ್ಯರಾಗುತ್ತಿದ್ದುದು. ಪಾದರಕ್ಷೆಗಳ ಅವಶ್ಯಕತೆ ತೋರಿತು. ನಾತಾಲಿನ ಪೈನ್‌ಟೌನ್ ಹತ್ತಿರ ಮೇರಿಯನ್ ಹಿಲ್ ಎಂಬಲ್ಲಿ ಟ್ರಾಪಿಸ್ಟ್ ಪಂಥದ ಜರ್ಮನ್ ಸನ್ಯಾಸಿಗಳ ಮಠವಿದ್ದಿತು. ಅಲ್ಲಿ ಇಂಥ ಕೈಕೆಲಸಗಳು ನಡೆಯುತ್ತಿದ್ದವು. ನಾಲ್ವತ್ತರ ಹತ್ತಿರದ ವಯಸ್ಸಿನ ಈ ಶ್ರೀಮಂತ ಶಿಲ್ಪಿಗಳು ಆ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿಯವರು ಕಲಿತರು. ಗಾಂಧೀಜಿಯವರಿಂದ ಇತರರು ಕಲಿತರು. ಗಾಂಧೀಜಿಯವರು 1914ರಲ್ಲಿ ಜನರಲ್ ಸ್ಮಟ್ಸ್‌ಗೆ ಕೊಟ್ಟ ಪ್ರಸಿದ್ಧವಾದ ಚಪ್ಪಲಿಗಳ ಹಿಂದೆ ಇರುವ ವಿದ್ಯೆಯು ಈ ಪರಂಪರೆಯದೇ. ಬಡಗಿಯ ಕೆಲಸ ಅವರಿಗೆ ಮೊದಲೇ ತಿಳಿದಿತ್ತು. ಸರಕಾರದ ಮಾದರಿ ತೋಟವೊಂದರಲ್ಲಿ ತೋಟಗಾರಿಕೆಯ ಅನುಭವವನ್ನೂ ಪಡೆದಿದ್ದರು. ಅಡಿಗೆಯ ಸರದಿ ಇಲ್ಲದವರೆಲ್ಲರೂ, ಮಕ್ಕಳು ಸಹ, ಅವರ ಕೈಕೆಳಗೆ ಗುಂಡಿ ತೋಡುವುದು, ಮರ ಕಡಿಯುವುದು, ಹೊರೆ ಹೊರುವುದು ಮೊದಲಾದ ಕೆಲಸಗಳನ್ನು ಮಾಡಬೇಕಾಗಿತ್ತು.

ಆ ತೋಟದ ಸಂಸಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೇವಕರು ಇರಲಿಲ್ಲ. ಗೋದಿಯನ್ನು ಕೈಯಿಂದ ತಿರುಗಿಸುವ ಬೀಸುವ ಯಂತ್ರದಲ್ಲಿ ಅಲ್ಲಿಯೇ ಬೀಸಿ ರೊಟ್ಟಿ ಮಾಡುತ್ತಿದ್ದರು. ನೆಲಗಡಲೆಯನ್ನು ಹುರಿದು ಅರೆದರೆ ಬೆಣ್ಣೆಯ ಬದಲಿಗಾಯಿತು. ಹುರಿದ ಗೋದಿಯ ಪುಡಿಯಿಂದ ಕಾಫಿಯಾಯಿತು. ತೋಟದ ಕಿತ್ತಳೆಯಿಂದ ಮುರಬ್ಬವಾಯಿತು. ಬೆಳಿಗ್ಗೆ ರೊಟ್ಟಿ ಮತ್ತು ಗೋದಿಯ ಕಾಫಿ, ಹನ್ನೊಂದು ಗಂಟೆಗೆ ಅನ್ನ, ಬೇಳೆ, ಪಲ್ಯ, ಸಂಜೆ ಗೋದಿಯ ಗಂಜಿ ಮತ್ತು ಹಾಲು, ಇಷ್ಟೇ. ಸೆರೆಮನೆಯ ಊಟಕ್ಕೆ ನಾಲಗೆ ಒಗ್ಗಬೇಕೆಂದು ಊಟವೂ ಸರಳ, ಸೆರೆಮನೆಯ ಉಡುಪಿಗೆ ಮೈ ಒಗ್ಗಬೇಕೆಂದು ಕೂಲಿಗಾರರು ತೊಡುವ ದಪ್ಪ ನೀಲಿ ಬಟ್ಟೆ. ಅದನ್ನು ಅಲ್ಲಿನ ಸ್ತ್ರೀಯರೇ ಹೊಲಿಯುತ್ತಿದ್ದರು. ರಾತ್ರಿ ಹಾಸಲು ಹೊದೆಯಲು ಎರಡು ಕಂಬಳಿ, ತಲೆಗೆ ಮರದ ದಿಂಬು. ಬಚ್ಚಲ ನೀರು ಮರಗಳ ಬುಡಕ್ಕೆ ಹೋಗುತ್ತಿತ್ತು. ಮಲವನ್ನು ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ ಗೊಬ್ಬರ ಮಾಡುತ್ತಿದ್ದರು. ಅಷ್ಟು ಜನರಿದ್ದರೂ ನೊಣವಾಗಲಿ ದುರ್ಗಂಧವಾಗಲಿ ಇರಲಿಲ್ಲ. ಜಲಪ್ರಳಯವೋ ಭೂಕಂಪವೋ ಆದಾಗ ನಿರಾಶ್ರಿತರ ಶಿಬಿರಗಳಲ್ಲಿ ವಾಂತಿಭೇದಿಯೂ ಜನರನ್ನು ಕೊಲ್ಲಬಹುದೆಂಬುದನ್ನು ಬಲ್ಲ ಅಧಿಕಾರಿಗಳು ಈ ಸಂಗತಿಯನ್ನು ಅಲಕ್ಷಿಸಲಾರರು.

ಸ್ವಂತ ಕೆಲಸಕ್ಕಾಗಿ ಪಟ್ಟಣಕ್ಕೆ ಹೋಗಬೇಕಾದವರು ನಡೆದೇ ಹೋಗತಕ್ಕದ್ದೆಂದು ನಿಯಮವಿತ್ತು. ದೂರವು 21 ಮೈಲಿ. ಬೆಳಗಿನ ಜಾವ ಎರಡು ಗಂಟೆಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಆರೇಳು ಗಂಟೆಗಳಲ್ಲಿ ಮುಟ್ಟುತ್ತಿದ್ದರು. ಅತಿ ವೇಗದಿಂದ ನಡೆದವರು 4 ಗಂಟೆ 18 ನಿಮಿಷಗಳಲ್ಲಿ ಮುಟ್ಟಿದ್ದುಂಟು. ರೈಲಿನ ಹಣ ಉಳಿಯಿತೆಂಬುದು ನಿಜವೇ. ಆದರೆ ಆ ಕಾಲುಗಳು ಯಾತಕ್ಕೆ ಸಿದ್ಧವಾಗುತ್ತಿದ್ದವೆಂಬುದು ಮೂರು ವರ್ಷಗಳ ನಂತರ ತಿಳಿಯಿತು.

ಔಷಧದ ವಿಷಯದಲ್ಲಿ ಮಾತ್ರ ನಾವು ತೋಟದ ಪದ್ಧತಿಯನ್ನು ಅನುಸರಿಸಬೇಕೆಂದು ಹೇಳುವುದಿಲ್ಲ. ಅಲ್ಲಿ ಮಣ್ಣಿನ ಪಟ್ಟಿ, ನೀರಿನ ಉಪಚಾರ, ಉಪವಾಸಗಳಿಂದಲೇ ಎಲ್ಲ ರೋಗಗಳನ್ನೂ ಎದುರಿಸಿದರು. ವೈದ್ಯರನ್ನು ಕರೆಯುವ ಪ್ರಸಂಗ ಬರಲಿಲ್ಲ. ಒಳ್ಳೆಯ ಗಾಳಿ, ಮಿತಾಹಾರ, ದುಡಿಮೆ, ಬಹುಮಂದಿಯ ತಾರುಣ್ಯ ಇವು ಸಹಾಯಮಾಡಿರಬೇಕು. ವಿಷಮಶೀತ ಜ್ವರದ ಮಗುವಿಗೆ ಈ ಕಾಲದಲ್ಲಿ ಒದ್ದೆಯ ಬಟ್ಟೆ ಕಟ್ಟಿ ಕುಳಿತಿರುವ ತಂದೆಯನ್ನು ನಾವು ಮೆಚ್ಚಲಾರೆವು.

ಹಾವುಗಳ ವಿಷಯವು ಬೇರೆ. ಆ ಸೀಮೆಯಲ್ಲಿ ಅವು ಹೇರಳ. ಕ್ಯಾಲೆನ್‌ಬಾಕರು ಸರ್ಪಗಳ ಮೇಲಣ ಪುಸ್ತಕಗಳನ್ನು ತರಿಸಿ ಓದಿ, ಎಲ್ಲ ಹಾವುಗಳೂ ವಿಷದವಲ್ಲವೆಂದೂ ಕೆಲವು ಬೆಳೆಯನ್ನು ಕಾಯತಕ್ಕವೆಂದೂ ತಿಳಿದು, ಅವುಗಳನ್ನು ಗುರುತಿಸುವ ಬಗೆಯನ್ನು ತೋಟದವರೆಲ್ಲರಿಗೂ ಕಲಿಸಿದರು. ಒಂದು ದೊಡ್ಡ ನಾಗರಹಾವನ್ನು ಪಂಜರದಲ್ಲಿಟ್ಟು ಕೈಯಾರೆ ಆಹಾರ ಕೊಡುತ್ತಿದ್ದರು. ಸೆರೆಯಲ್ಲಿಟ್ಟದ್ದರೊಡನೆ ಸ್ನೇಹವೆಂತಹುದೆಂದು ಗಾಂಧೀಜಿಯವರು ಆಕ್ಷೇಪಿಸಿದರು. ಕ್ಯಾಲೆನ್‌ಬಾಕರು ಒಪ್ಪಿದರೂ ಬಿಡಲು ಮನಸ್ಸಾಗದೆ ದಿನ ತಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಪಂಜರ ಬರಿದಾಗಿತ್ತು. ಇಬ್ಬರಿಗೂ ಸಂತೋಷವೇ ಆಯಿತಂತೆ.

1913ರಲ್ಲಿ ಪರೀಕ್ಷೆಯ ಕಾಲ ಬಂದಿತು. ಮೂರು ಪೌಂಡಿನ ತಲೆಗಂದಾಯವನ್ನೂ, ಹಿಂದೀ ವಿವಾಹಗಳನ್ನು ಅಸಿಂಧುವೆಂದ ನ್ಯಾಯಾಲಯದ ತೀರ್ಪನ್ನೂ ವಿರೋಧಿಸಿ ಮೊದಲು ಹೊರಟವರಲ್ಲಿ ತೋಟದಲ್ಲಿ ವಾಸಿಸಿದ ಸ್ತ್ರೀಯರು ಸೇರಿದ್ದರು. ಹನ್ನೊಂದು ಮಂದಿ, ಅವರಲ್ಲಿ ಬಹುತೇಕರು ತಮಿಳರು. ಕೆಲವರ ಕಂಕುಳಲ್ಲಿ ಕೈಗೂಸುಗಳು. ಅವರು ನ್ಯೂಕ್ಯಾಸಲ್ ಗಣಿಗಳ ಕೂಲಿಗಾರರ ನಡುವೆ ಹೋಗಿ ಮಾತಾಡಿದ್ದರಿಂದ ಮುಷ್ಕರವು ಹಬ್ಬಿತು. ಅವರಿಗೆ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ನೀರು ಹೊತ್ತು, ಗಂಜಿ ಕುಡಿದು, ದಪ್ಪ ಬಟ್ಟೆ ಹೊಲಿದು ಕಳೆದ ದಿನಗಳು ಅವರನ್ನು ಸೆರೆಮನೆಗೆ ಸಿದ್ಧಗೊಳಿಸಿದ್ದವು.

ಗಣಿಯ ಯಜಮಾನರು ಕೂಲಿಗಾರರನ್ನು ವಸತಿಗಳಿಂದ ಹೊರದೂಡಲಾಗಿ, ಸಾವಿರಾರು ಜನರು ಬೀದಿಗೆ ಬಂದರು. ನವೆಂಬರ್ 6ರಂದು 2037 ಗಂಡಸರು, 127 ಹೆಂಗಸರು, 57 ಮಕ್ಕಳು ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ ಟಾಲ್‌ಸ್ಟಾಯ್ ತೋಟದ ಕಡೆಗೆ ನಡೆಯಹತ್ತಿದರು. ತಲೆಗೆ ದಿನಕ್ಕೆ ಒಂದೂವರೆ ಪೌಂಡು ರೊಟ್ಟಿ, ಒಂದು ಔನ್ಸು ಸಕ್ಕರೆ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತನಾಲ್ಕು ಮೈಲಿ ನಡಿಗೆ. ಮಾರ್ಗದಲ್ಲಿ ಎರಡು ಎಳೆಗೂಸುಗಳು ತೀರಿಕೊಂಡವು. ತಾಯಂದಿರು ನಡಿಗೆಯನ್ನು ನಿಲ್ಲಿಸಲಿಲ್ಲ. ಎಷ್ಟೇ ಸಿದ್ಧತೆಯಿದ್ದರೂ ಆಪತ್ತು ತನ್ನ ಪಾಲನ್ನು ತೆಗೆದುಕೊಳ್ಳದೆ ಬಿಡಲಿಲ್ಲವೆಂಬುದನ್ನು ನಾವು ಮರೆಮಾಚಬಾರದು. ಅದಕ್ಕೆ ಮುನ್ನ ವಾಕ್ಸ್‌ರಸ್ಟಿನ ಬಿಳಿಯರು ಸಭೆ ಸೇರಿ, ಹಿಂದೀಯರು ಗಡಿ ದಾಟಿದರೆ ಗುಂಡಿಕ್ಕುವೆವೆಂದು ಬೆದರಿಸಿದ್ದರು. ಆ ಸಭೆಗೆ ಕ್ಯಾಲೆನ್‌ಬಾಕರು ಒಬ್ಬರೇ ಹೋಗಿ ಸಮಾಧಾನ ಹೇಳಿದರು. ಒಬ್ಬನು ಅವರನ್ನು ದ್ವಂದ್ವಯುದ್ಧಕ್ಕೆ ಕರೆದನು. ಶಾಂತಿಧರ್ಮವನ್ನು ಸ್ವೀಕರಿಸಿರುವುದರಿಂದ ಒಪ್ಪಲಾರೆನೆಂದೂ, ಆದರೆ ತಮ್ಮ ಮಾತನ್ನು ಹೇಳದೆ ಹೋಗುವುದಿಲ್ಲವೆಂದೂ ಅವರು ತಿಳಿಸಿದರು. ಐದು ವರ್ಷಗಳ ಹಿಂದೆ ಜೇಬಿನಲ್ಲಿ ಪಿಸ್ತೂಲಿಟ್ಟುಕೊಂಡವರು ಇವರೇ.

ಮೆರವಣಿಗೆಯು ತೋಟವನ್ನು ಮುಟ್ಟಲಿಲ್ಲ. ಸರಕಾರವು ಜನರನ್ನು ಬಾಲ್ಫರ್ ಎಂಬಲ್ಲಿ ತಡೆದು ರೈಲಿನಲ್ಲಿ ಹಿಂದಕ್ಕೆ ಸಾಗಿಸಿತು. ವಾಕ್ಸ್‌ರಸ್ಟಿನ ನ್ಯಾಯಸ್ಥಾನದಲ್ಲಿ ಸಾಕ್ಷಿಗಳು ಸಿಗದಿರಲು, ಗಾಂಧೀಜಿಯವರೂ ಕ್ಯಾಲೆನ್‌ಬಾಕರೂ ಪೋಲಕರೂ ಒಬ್ಬರ ವಿರುದ್ಧ ಒಬ್ಬರು ಸಾಕ್ಷಿ ನುಡಿದು ಸೆರೆಮನೆಗೆ ಹೋದರು. ಕ್ಯಾಲೆನ್‌ಬಾಕರಿಗೆ ಮೂರು ತಿಂಗಳು. ಮರುವರ್ಷ ಕಂದಾಯವು ರದ್ದಾಯಿತು.

ಮುಂದಿನದನ್ನು ಸಂಕ್ಷೇಪಿಸಬಹುದು. 1914ರ ಜುಲೈಯಲ್ಲಿ ಅವರು ಗಾಂಧೀಜಿಯವರೊಡನೆ ಭಾರತದಲ್ಲಿಯೇ ನೆಲಸುವ ಉದ್ದೇಶದಿಂದ ಮೂರನೆಯ ತರಗತಿಯಲ್ಲಿ ಹಡಗು ಹತ್ತಿದರು. ತಮ್ಮ ಬಳಿಯಿದ್ದ ಏಳು ಪೌಂಡು ಬೆಲೆಯ ದುರ್ಬೀನನ್ನು ಮೋಹವು ಬಿಡಲೆಂದು ಸಮುದ್ರಕ್ಕೆ ಹಾಕಿಸಿದ್ದು ಈ ಪ್ರಯಾಣದಲ್ಲಿಯೇ. ಅವರು ಲಂಡನ್ನನ್ನು ಸೇರುವಷ್ಟರಲ್ಲಿ ಯುದ್ಧ ಆರಂಭವಾಗಿತ್ತು. ಜರ್ಮನ್ ಪ್ರಜೆಯೆಂಬ ಕಾರಣದಿಂದ ಅವರಿಗೆ ಭಾರತಕ್ಕೆ ಹೋಗಲು ಅನುಮತಿ ಸಿಗಲಿಲ್ಲ. ಗಾಂಧೀಜಿಯವರು ಎಷ್ಟು ಪ್ರಯತ್ನಿಸಿದರೂ ವೈಸರಾಯರು ಒಪ್ಪಲಿಲ್ಲ. ಆಂಗ್ಲ ಸರಕಾರವು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಬಂಧಿಸಿಟ್ಟಿತು. 1917ರಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ, 1920ರಲ್ಲಿ ಜೋಹಾನ್ಸ್‌ಬರ್ಗಿಗೆ ಮರಳಿ, ಹಿಂದಿನ ಉದ್ಯೋಗವನ್ನೇ ಕೈಗೊಂಡರು. ಅವರು ಕಟ್ಟಕಡೆಗೆ ಭಾರತವನ್ನು ಕಂಡದ್ದು 1937ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ; ಸೇಗಾಂವದ ಆಶ್ರಮದಲ್ಲಿ ಹಳೆಯ ಮಿತ್ರನೊಡನೆ ನೆಲದ ಮೇಲೆ ಕುಳಿತು ಉಂಡರು. 1939ರಲ್ಲಿ ಇನ್ನೊಮ್ಮೆ ಬಂದು ಹೋದರು. ಆ ವೇಳೆಗೆ ಜರ್ಮನಿಯಲ್ಲಿ ಅವರ ಕುಲದವರ ಮೇಲೆ ಹಿಟ್ಲರನ ಹಿಂಸೆಯು ಆರಂಭವಾಗಿದ್ದಿತು. ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರು ನೆಲಸುವ ವಿಷಯದಲ್ಲಿ ಮಿತ್ರರಿಬ್ಬರ ಅಭಿಪ್ರಾಯಗಳು ಪೂರ್ಣವಾಗಿ ಕೂಡಲಿಲ್ಲ, ಸ್ನೇಹವು ಮಾತ್ರ ಕೂಡಿಯೇ ಇದ್ದಿತು.

1945ನೆಯ ಇಸವಿ ಮಾರ್ಚಿಯಲ್ಲಿ ಅವರು ಜೋಹಾನ್ಸ್‌ಬರ್ಗಿನಲ್ಲಿ ಕಾಲವಾದರು. ಅವರ ಚಿತಾಭಸ್ಮವನ್ನು ಗೆಲಿಲಿ ಸರೋವರದ ಬಳಿಯ ದೆಗಾನಿಯ ಎಂಬ ಗ್ರಾಮಕ್ಕೆ ಒಯ್ದು ಮಣ್ಣುಮಾಡಿದರು. ಅದೂ ಜನರು ಒಟ್ಟಿಗೆ ಉತ್ತು, ಒಟ್ಟಿಗೆ ಉಣ್ಣುವ ಒಂದು ತೋಟವಾಗಿಯೇ ಹುಟ್ಟಿದ ಊರು.