ಕಲೂಗದ ಶಿಕ್ಷಕ ತ್ಸಿಯೋಲ್ಕೋವ್‌ಸ್ಕಿ

ಆಕಾಶಯಾನದ ಗಣಿತಕ್ಕೆ ಅಡಿಗಲ್ಲಿಟ್ಟ ಮಹನೀಯರು ಯಾವ ವಿಶ್ವವಿದ್ಯಾನಿಲಯದ ಪೀಠವನ್ನೂ ಅಲಂಕರಿಸಿದವರಲ್ಲ. ರಷ್ಯಾದೇಶದ ಎರಡು ಸಣ್ಣ ಪಟ್ಟಣಗಳಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಮಕ್ಕಳಿಗೆ ಅಂಕಗಣಿತ, ರೇಖಾಗಣಿತ, ಭೌತಶಾಸ್ತ್ರಗಳನ್ನು ಬೋಧಿಸಿದ ಒಬ್ಬ ಶಾಲಾ ಶಿಕ್ಷಕರು ಅವರು. ಅದರಲ್ಲಿಯೂ ಕಿವಿ ಸರಿಯಾಗಿ ಕೇಳಿಸದವರು. ಕಾನ್‌ಸ್ಟಾಂಟಿನ್ ಎಡ್ವರ್ಡೊವಿಚ್ ತ್ಸಿಯೋಲ್ಕೋವ್‌ಸ್ಕಿ ಎಂಬುದು ಅವರ ಹೆಸರು.

1857ರ ಸೆಪ್ಟೆಂಬರ್ 17ರಂದು ರಿಯಾಜಾನ್ ಪ್ರಾಂತದ ಇಝೆವ್‌ಸ್ಕೊಯೆ ಗ್ರಾಮದಲ್ಲಿ ಅವರ ಜನನವಾಯಿತು. ತಂದೆ ಅರಣ್ಯ ಇಲಾಖೆಯ ನೌಕರರು. ಸಂಸಾರ ದೊಡ್ಡದು, ವರಮಾನ ಅಲ್ಪ. ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಕೆಂಪುಜ್ವರ ಬಂದು ಶ್ರವಣಶಕ್ತಿಯ ಬಹುಭಾಗವನ್ನು ಕಸಿದುಕೊಂಡಿತು. 1870ರಲ್ಲಿ ತಾಯಿಯೂ ತೀರಿಕೊಂಡರು. ಗುರುಗಳ ಮಾತು ಕೇಳಿಸದ ಹುಡುಗನಿಗೆ ಶಾಲೆಯ ಬಾಗಿಲು ತಾನಾಗಿಯೇ ಮುಚ್ಚಿತು. ಪುಸ್ತಕಗಳೇ ಗುರುಗಳಾದವು. ಹದಿನಾರರ ಪ್ರಾಯದಲ್ಲಿ ತಂದೆ ಅವರನ್ನು ಮಾಸ್ಕೋ ನಗರಕ್ಕೆ ಕಳುಹಿಸಿದರು. ಅಲ್ಲಿ ಮೂರು ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಉಚ್ಚ ಗಣಿತ, ಯಂತ್ರಶಾಸ್ತ್ರ, ಖಗೋಳಶಾಸ್ತ್ರಗಳನ್ನು ಸ್ವಂತ ಶ್ರಮದಿಂದಲೇ ಅರಗಿಸಿಕೊಂಡರು. ಮನೆಯಿಂದ ಬರುತ್ತಿದ್ದ ಕೆಲವೇ ರೂಬಲ್‌ಗಳು ಗ್ರಂಥಗಳಿಗೂ ರಾಸಾಯನಿಕಗಳಿಗೂ ವೆಚ್ಚವಾಗಿ, ಹೊಟ್ಟೆಗೆ ಉಳಿಯುತ್ತಿದ್ದುದು ಕಪ್ಪು ರೊಟ್ಟಿ ಮಾತ್ರ.

1879ರಲ್ಲಿ ಖಾಸಗಿಯಾಗಿ ಶಿಕ್ಷಕ ಪರೀಕ್ಷೆಯನ್ನು ಮುಗಿಸಿ, ಮರುವರ್ಷ ಬೊರೋವ್‌ಸ್ಕ್ ಪಟ್ಟಣದ ಶಾಲೆಗೆ ಸೇರಿದರು. ಅದೇ ವರ್ಷ ವಾರ್ವಾರಾ ಸೊಕೊಲೋವಾ ಎಂಬಾಕೆಯನ್ನು ವರಿಸಿದರು. ಕಿವಿ ಮಂದವಾದ ಶಿಕ್ಷಕರು ತರಗತಿಯನ್ನು ಹೇಗೆ ನಿಭಾಯಿಸಿಯಾರು ಎಂಬ ಸಂದೇಹ ವಾಚಕರಿಗೆ ಮೂಡುವುದು ಸಹಜ. ತಾವೇ ತಗಡಿನಿಂದ ರಚಿಸಿಕೊಂಡ ಆಲಿಕೆಯನ್ನು ಕಿವಿಗಿಟ್ಟು ಮಕ್ಕಳ ಉತ್ತರವನ್ನು ಆಲಿಸುತ್ತಿದ್ದರು; ಬಾಯಿಂದ ಹೇಳುವುದಕ್ಕಿಂತ ಕೈಯಿಂದ ಮಾಡಿ ತೋರಿಸುವುದೇ ಹೆಚ್ಚು. ಗಾಳಿಪಟಗಳನ್ನೂ ಬಿಸಿಗಾಳಿಯ ಕಾಗದದ ಬಲೂನುಗಳನ್ನೂ ಶಿಷ್ಯರೊಡನೆ ಹಾರಿಸುತ್ತಿದ್ದರು. ಈ ಬೋಧನಕ್ರಮ ನಮ್ಮ ಶಿಕ್ಷಕ ಬಂಧುಗಳ ಗಮನಕ್ಕೆ ಅರ್ಹವಾದುದು.

ಏಕಾಂತ ಸಾಧನೆಗೆ ತೆರಬೇಕಾದ ಬೆಲೆಯೂ ಇತ್ತು. ಅನಿಲಗಳ ಚಲನ ಸಿದ್ಧಾಂತವನ್ನು ಸ್ವತಂತ್ರವಾಗಿ ರೂಪಿಸಿ ಪೀಟರ್ಸ್‌ಬರ್ಗಿನ ವಿದ್ವಾಂಸರಿಗೆ ಕಳುಹಿಸಿದಾಗ, ಅದು ಬಹಳ ಹಿಂದೆಯೇ ಸಿದ್ಧವಾದ ವಿಷಯವೆಂದು ತಿಳಿದುಬಂದಿತು. 1887ರ ಬೆಂಕಿ ಅವರ ಪುಸ್ತಕಗಳನ್ನೂ ಮಾದರಿಗಳನ್ನೂ ಆಹುತಿ ತೆಗೆದುಕೊಂಡಿತು. 1892ರಲ್ಲಿ ಕಲೂಗ ನಗರಕ್ಕೆ ವರ್ಗವಾದ ಮೇಲೆ, 1908ರಲ್ಲಿ ಓಕಾ ನದಿಯ ಪ್ರವಾಹ ಮನೆಗೆ ನುಗ್ಗಿ ಹಸ್ತಪ್ರತಿಗಳನ್ನು ಹಾಳುಗೆಡವಿತು. ಇವೆಲ್ಲಕ್ಕಿಂತ ಕ್ರೂರವಾದ ಆಘಾತ 1902ರಲ್ಲಿ ಮಗ ಇಗ್ನಾತಿಯ ಆತ್ಮಹತ್ಯೆ. ಆ ಶೋಕ ಆರುವ ಮುನ್ನವೇ, 1903ರಲ್ಲಿ, ಅವರ ಜೀವಮಾನದ ಮುಖ್ಯ ಲೇಖನ ಒಂದು ವಿಜ್ಞಾನ ಮಾಸಪತ್ರಿಕೆಯಲ್ಲಿ ಬೆಳಕು ಕಂಡಿತು.

ಆ ಲೇಖನದ ತಿರುಳನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಗಾಳಿಯಿಲ್ಲದ ಬಯಲಿನಲ್ಲಿ ರೆಕ್ಕೆ ನಿರುಪಯುಕ್ತ. ತನ್ನೊಳಗಿನ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ ತಾನು ಮುಂದಕ್ಕೆ ಸಾಗುವ ರಾಕೆಟ್ಟು ಮಾತ್ರ ಅಲ್ಲಿ ಚಲಿಸಬಲ್ಲದು. ಆದರೆ ಅದು ತನ್ನ ಬುತ್ತಿಯನ್ನು ತಾನೇ ಹೊರಬೇಕು. ಹೊತ್ತ ಬುತ್ತಿಯನ್ನು ಸಾಗಿಸಲು ಮತ್ತಷ್ಟು ಬುತ್ತಿ ಬೇಕು. ಈ ಲೆಕ್ಕವನ್ನು ತ್ಸಿಯೋಲ್ಕೋವ್‌ಸ್ಕಿ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟರು. ಇಂಧನ ಸಹಿತ ತೂಕವು ಇಂಧನ ಮುಗಿದ ಮೇಲಿನ ತೂಕದ ನಾಲ್ಕು ಪಟ್ಟಿದ್ದಾಗ ಒಂದು ವೇಗ ದೊರೆಯುವುದಾದರೆ, ಅದರ ಇಮ್ಮಡಿ ವೇಗಕ್ಕೆ ಎಂಟು ಪಟ್ಟಲ್ಲ, ಹದಿನಾರು ಪಟ್ಟು ಬೇಕು. ಮೂರ್ಮಡಿಗೆ ಅರವತ್ತನಾಲ್ಕು ಪಟ್ಟು. ಭೂಮಿಯ ಸಮೀಪದಲ್ಲಿ ಕೆಳಗೆ ಬೀಳದೆ ಸುತ್ತುತ್ತಿರಲು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಅವಶ್ಯ. ಅನಿಲವು ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಹೊರಚಿಮ್ಮುವುದೆಂದು ಇಟ್ಟುಕೊಂಡರೆ, ರಾಕೆಟ್ಟಿನ ನೂರು ಪಾಲಿನಲ್ಲಿ ತೊಂಬತ್ತಮೂರು ಪಾಲು ಇಂಧನವೇ ಆಗಬೇಕಾಗುತ್ತದೆ. ವಾಯುವಿನ ತಡೆ, ಗುರುತ್ವದ ಸೆಳೆತಗಳಿಂದಾಗುವ ನಷ್ಟ ಬೇರೆ. ಇದೇ ಕಾರಣದಿಂದ ಸಿಡಿಮದ್ದನ್ನು ಬಿಟ್ಟು, ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳನ್ನು ಉರಿಸಬೇಕೆಂದು ಅವರು ಸೂಚಿಸಿದರು. ಸಮೀಕರಣದ ರೂಪವನ್ನು ಅವರಿಗೂ ಹಿಂದೆ ಕೆಲವರು ಕಂಡಿದ್ದುಂಟು. ಅದನ್ನು ಆಕಾಶಯಾನಕ್ಕೆ ಅನ್ವಯಿಸಿ, ಆ ಕನಸಿಗೆ ತಗಲುವ ಬೆಲೆಯನ್ನು ಅಂಕಿಗಳಲ್ಲಿ ಬರೆದ ಕೀರ್ತಿ ಇವರದು.

ಲೇಖನವನ್ನು ಗಮನಿಸಿದವರು ವಿರಳ. 1897ರಲ್ಲಿ ಅವರು ನಿರ್ಮಿಸಿದ್ದ ಗಾಳಿಸುರಂಗಕ್ಕೆ ವಿಜ್ಞಾನ ಅಕಾಡೆಮಿ 470 ರೂಬಲ್ ನೆರವು ನೀಡಿದ್ದೇ ಹಳೆಯ ಆಡಳಿತದಿಂದ ದೊರೆತ ದೊಡ್ಡ ಮನ್ನಣೆ. 1911-12ರಲ್ಲಿ ಲೇಖನದ ಎರಡನೆಯ ಭಾಗ ಪ್ರಕಟವಾಯಿತು. 1921ರಲ್ಲಿ ಸೋವಿಯತ್ ಸರ್ಕಾರ ಜೀವಿತಾವಧಿಯ ವೇತನವನ್ನು ಗೊತ್ತುಪಡಿಸಿದಾಗ ಅವರಿಗೆ ಅರವತ್ತನಾಲ್ಕು ವರ್ಷ. ಅನೇಕರು ವಿಶ್ರಮಿಸುವ ಆ ವಯಸ್ಸಿನ ತರುವಾಯವೇ, 1929ರಲ್ಲಿ, ಹಂತಹಂತದ ರಾಕೆಟ್ಟುಗಳ ವಿಚಾರವನ್ನು ಅವರು ವಿಸ್ತರಿಸಿ ಬರೆದರು. ಬರಿದಾದ ಭಾಗವನ್ನು ಕಳಚಿ ಎಸೆದರೆ ಸತ್ತ ಭಾರವನ್ನು ಹೊರುವ ಕಷ್ಟ ತಪ್ಪುತ್ತದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ನಮ್ಮ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪಿ.ಎಸ್.ಎಲ್.ವಿ. ವಾಹನಕ್ಕೆ ನಾಲ್ಕು ಹಂತಗಳಿರುವುದು ಈ ಲೆಕ್ಕದ ದೆಸೆಯಿಂದಲೇ.

ಅವರ ಬರಹವೆಲ್ಲವೂ ಸ್ವೀಕಾರಾರ್ಹವೆಂದು ಹೇಳಲಾಗದು. ಅಪೂರ್ಣವೆನಿಸಿದ ಜೀವಗಳನ್ನು ಅಳಿಸಿ ಪರಿಪೂರ್ಣ ಜನಾಂಗವನ್ನು ಬೆಳೆಸುವ ಅವರ ತತ್ತ್ವವಿಚಾರಗಳು, ದೇಹದ ಊನವನ್ನೇ ಮೀರಿ ನಿಂತ ವ್ಯಕ್ತಿಯಿಂದ ಬಂದವೆಂಬುದು ಸೋಜಿಗ. ಸ್ವತಃ ಅವರು ಒಂದು ರಾಕೆಟ್ಟನ್ನೂ ಹಾರಿಸಲಿಲ್ಲ. ಗಣಿತ ಮಾತ್ರ ಕೆಡದೆ ನಿಂತಿತು.

1935ರ ಸೆಪ್ಟೆಂಬರ್ 19ರಂದು ಕಲೂಗದಲ್ಲಿ ಅವರು ನಿಧನರಾದರು. 1957ರ ಸೆಪ್ಟೆಂಬರ್ 17ರಂದು ಮಾಸ್ಕೋದಲ್ಲಿ ನಡೆದ ಜನ್ಮಶತಮಾನೋತ್ಸವದಲ್ಲಿ ಭಾಷಣ ಮಾಡಿದವರು ಸೆರ್ಗೇಯ್ ಕೊರೊಲ್ಯೋವ್. ಹದಿನೇಳು ದಿನಗಳ ನಂತರ, ಅಕ್ಟೋಬರ್ 4ರಂದು, ಅವರ ತಂಡವೇ 83.6 ಕಿಲೋಗ್ರಾಮ್ ತೂಕದ ಮೊದಲ ಸ್ಪುಟ್ನಿಕ್ಕನ್ನು ಕಕ್ಷೆಗೆ ಏರಿಸಿತು. ಅಂದು ಜನ ಬರಿಗಣ್ಣಿನಿಂದ ಕಂಡು ಬೆರಗಾದುದು ಬಹುಪಾಲು ಆ ಪುಟ್ಟ ಗೋಳವನ್ನಲ್ಲ, ಅದರೊಡನೆ ಕಕ್ಷೆ ಸೇರಿದ್ದ ರಾಕೆಟ್ಟಿನ ಬರಿದಾದ ನಡುಭಾಗವನ್ನು. ಡಿಸೆಂಬರ್ ಮೊದಲಲ್ಲಿ ಅದು ವಾಯುಮಂಡಲಕ್ಕೆ ಇಳಿದು ನಾಶವಾಯಿತು.