ಇಬ್ನ್ ಸೀನಾ: ಔಷಧಕ್ಕೆ ಪರೀಕ್ಷೆ ಇಟ್ಟ ವೈದ್ಯ

ಮಕ್ಕಳೇ, ಶಹಾಬಾದ್ ಅಥವಾ ವಾಡಿಯ ಮದುವೆಮನೆಯ ಬಾಗಿಲಲ್ಲಿ ಯಾರಾದರೂ ನಿಮ್ಮ ಮೇಲೆ ಪನ್ನೀರು ಚಿಮುಕಿಸಿದ್ದಾರೆಯೇ? ಕಲಬುರಗಿಯ ಖ್ವಾಜಾ ಬಂದೇನವಾಜರ ಉರುಸಿನಲ್ಲಿ ಗಂಧದ ಮೆರವಣಿಗೆ ನೋಡಿದ್ದೀರಾ? ಆ ಪರಿಮಳ ಮೂಗಿಗೆ ತಾಗಿದೊಡನೆ ಮನಸ್ಸಿಗೆ ಹಿತವಾಗುತ್ತದೆ. ಹಾಗಾದರೆ ಪರಿಮಳವೂ ಔಷಧವೇ? ಸುಮಾರು ಸಾವಿರ ವರ್ಷಗಳ ಹಿಂದೆ ಪರಿಮಳದ ವಸ್ತುಗಳನ್ನೂ ಔಷಧಗಳ ಸಾಲಿನಲ್ಲಿಟ್ಟು ನೋಡಿದ ವೈದ್ಯರೊಬ್ಬರಿದ್ದರು. ಅವರೇ ಇಬ್ನ್ ಸೀನಾ. ಯುರೋಪಿನವರು ಅವರನ್ನು ಅವಿಸೆನ್ನಾ ಎಂದು ಕರೆದರು.

ಇಬ್ನ್ ಸೀನಾ 980ರಲ್ಲಿ ಬುಖಾರಾ ನಗರದ ಬಳಿಯ ಅಫ್ಶಾನಾ ಎಂಬ ಹಳ್ಳಿಯಲ್ಲಿ ಜನಿಸಿದರು. ಬುಖಾರಾ ಈಗ ಉಜ್ಬೇಕಿಸ್ತಾನದಲ್ಲಿದೆ. ಹತ್ತು ವರ್ಷ ತುಂಬುವಾಗ ಅವರಿಗೆ ಕುರಾನ್ ಬಾಯಿಪಾಠವಾಗಿತ್ತು. ಲೆಕ್ಕ ಕಲಿಯಲು ತಂದೆ ಅವರನ್ನು ಕಳುಹಿಸಿದ್ದು ಯಾರ ಬಳಿಗೆ ಗೊತ್ತೇ? ಒಬ್ಬ ತರಕಾರಿ ವ್ಯಾಪಾರಿಯ ಬಳಿಗೆ! ಆ ವ್ಯಾಪಾರಿಗೆ ನಮ್ಮ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನ ತಿಳಿದಿತ್ತು.

ಇಷ್ಟು ಜಾಣ ಹುಡುಗನಿಗೂ ಎಲ್ಲವೂ ಸುಲಭವಾಗಿರಲಿಲ್ಲ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಒಂದು ಗ್ರಂಥವನ್ನು 40 ಸಲ ಓದಿದರೂ ಅರ್ಥವಾಗಲಿಲ್ಲ. ಕೊನೆಗೆ ಪುಸ್ತಕದ ಬಜಾರಿನಲ್ಲಿ ಮೂರು ನಾಣ್ಯಕ್ಕೆ ಸಿಕ್ಕ ಒಂದು ವಿವರಣೆಯ ಪುಸ್ತಕದಿಂದ ಗಂಟು ಬಿಚ್ಚಿತು. (ಪಾಠ ಒಂದೇ ಸಲಕ್ಕೆ ತಲೆಗೆ ಹೋಗಲಿಲ್ಲವೆಂದು ಅಳುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.) ಹದಿನೇಳರ ಸುಮಾರಿಗೆ ಅವರು ಬುಖಾರಾದ ದೊರೆಗೆ ಚಿಕಿತ್ಸೆ ನೀಡಿದರು. ಅದರಿಂದಾಗಿ ಅರಮನೆಯ ಗ್ರಂಥಾಲಯದ ಬಾಗಿಲು ಅವರಿಗೆ ತೆರೆಯಿತು.

ಮುಂದಿನ ಬದುಕು ಅಲೆದಾಟದ್ದು. ರಾಜ್ಯಗಳು ಉರುಳಿದವು, ಅವರು ಊರಿಂದ ಊರಿಗೆ ಹೋದರು. ಇರಾನಿನ ಹಮದಾನ್‌ನಲ್ಲಿ ಮಂತ್ರಿಯಾದರು, ಅಡಗಿ ಕುಳಿತರು, ಕೆಲವು ತಿಂಗಳು ಸೆರೆಯಲ್ಲೂ ಇದ್ದರು. ಆದರೂ ಬರೆಯುವುದನ್ನು ಬಿಡಲಿಲ್ಲ. 1025ರ ಸುಮಾರಿಗೆ ಅವರ ಐದು ಸಂಪುಟಗಳ ವೈದ್ಯ ಗ್ರಂಥ 'ಅಲ್ ಕಾನೂನ್' ಪೂರ್ಣವಾಯಿತು. ಯುರೋಪಿನ ವಿದ್ಯಾರ್ಥಿಗಳು 17ನೆಯ ಶತಮಾನದವರೆಗೂ ಅದನ್ನು ಓದಿದರು. ನಮ್ಮ ಯುನಾನಿ ಹಕೀಮರಿಗೆ ಅದು ಇಂದಿಗೂ ಮುಖ್ಯ ಗ್ರಂಥ.

ಹೃದಯಕ್ಕೆ ಬಲ ಕೊಡುವ ಔಷಧಗಳ ಬಗ್ಗೆ ಅವರು ಬೇರೆಯೇ ಒಂದು ಚಿಕ್ಕ ಪುಸ್ತಕ ಬರೆದರು. ಅದರಲ್ಲಿ ಗುಲಾಬಿ, ಶ್ರೀಗಂಧ, ಕಸ್ತೂರಿ ಇವೆ. ಇವು ಮನಸ್ಸಿನ ದುಗುಡ ಕಳೆಯುತ್ತವೆ ಎಂಬುದು ಅವರ ನಂಬಿಕೆ. ಪನ್ನೀರು ಇಳಿಸುವ ವಿಧಾನವನ್ನು ಅವರೇ ಕಂಡುಹಿಡಿದರೆಂದು ಕೆಲವು ಪುಸ್ತಕಗಳು ಹೇಳುತ್ತವೆ. ಅದು ಸರಿಯಲ್ಲ. ಅವರಿಗಿಂತ ನೂರು ವರ್ಷಕ್ಕೂ ಮೊದಲೇ ಅಲ್ ಕಿಂದಿ ಎಂಬ ವಿದ್ವಾಂಸ ಸುಗಂಧ ಇಳಿಸುವ ಬಗ್ಗೆ ಬರೆದಿದ್ದ. ವಿಧಾನ ಸರಳ: ಗುಲಾಬಿ ಎಸಳುಗಳನ್ನು ನೀರಿನಲ್ಲಿ ಕುದಿಸಿದಾಗ ಆವಿಯೊಂದಿಗೆ ಎಣ್ಣೆಯ ಅಂಶವೂ ಮೇಲೇಳುತ್ತದೆ. ಆವಿ ತಣಿದಾಗ ಪನ್ನೀರು ದೊರೆಯುತ್ತದೆ.

'ಕಾನೂನ್'ನಲ್ಲಿ ಕ್ಯಾನ್ಸರ್, ಅಂದರೆ ಅರ್ಬುದ ರೋಗದ ವಿಷಯವೂ ಇದೆ. ಅವರು ಅದಕ್ಕೆ ಪರಿಮಳ ಮೂಸಿಸಿ ಸುಮ್ಮನಿರಲು ಹೇಳಲಿಲ್ಲ. ಗಡ್ಡೆ ಚಿಕ್ಕದಿದ್ದಾಗಲೇ ಸುತ್ತಲಿನ ಭಾಗವೂ ಸೇರುವಂತೆ ಕತ್ತರಿಸಿ ತೆಗೆಯಬಹುದು, ಬೆಳೆದ ಮೇಲೆ ಕಷ್ಟ ಎಂದು ಬರೆದರು. ಇಂದಿನ ವೈದ್ಯರೂ ಬೇಗ ಬನ್ನಿ ಎನ್ನುವುದು ಇದಕ್ಕಾಗಿಯೇ.

ಔಷಧವನ್ನು ಪರೀಕ್ಷಿಸಲು ಅವರು ನಿಯಮಗಳನ್ನೂ ಹಾಕಿದರು. ರೋಗ ಒಂದೇ ಇರಬೇಕು, ಹಲವು ಬೆರೆತಿರಬಾರದು. ಗುಣ ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು. ಸಿಂಹಕ್ಕೋ ಕುದುರೆಗೋ ಕೊಟ್ಟು ನೋಡಿದರೆ ಮನುಷ್ಯನಿಗೂ ಹಾಗೆಯೇ ಆಗುತ್ತದೆಂದು ಹೇಳಲಾಗದು. 1037ರಲ್ಲಿ ಹಮದಾನ್‌ನಲ್ಲಿ ಹೊಟ್ಟೆಶೂಲೆಯಿಂದ ಅವರು ತೀರಿಕೊಂಡರು.

ಅವರದೇ ನಿಯಮವನ್ನು ಪರಿಮಳಕ್ಕೆ ಹಚ್ಚಿ ನೋಡೋಣವೇ? ವಾಸನೆಯ ನರಗಳು ಮೂಗಿನಿಂದ ಮಿದುಳಿಗೆ ಹೋಗುತ್ತವೆ. ನೆನಪು ಮತ್ತು ಭಾವನೆಗಳ ಭಾಗಗಳು ಅವಕ್ಕೆ ಹತ್ತಿರ. ಕ್ಯಾನ್ಸರ್ ರೋಗಿಗಳಿಗೆ ಸುಗಂಧ ತೈಲ ಬಳಸಿದ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಹೊತ್ತು ಭಯ ಕಡಿಮೆಯಾಯಿತು. ಕೆಲವದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಪರಿಮಳದಿಂದ ಗಡ್ಡೆ ಕರಗುತ್ತದೆಂಬುದು ಎಲ್ಲಿಯೂ ಸಾಬೀತಾಗಿಲ್ಲ. ಆದ್ದರಿಂದ ಇದು ಚಿಕಿತ್ಸೆಯ ಜೊತೆಗಿನ ಆಸರೆ ಮಾತ್ರ. ಸೇಡಂ, ಚಿತ್ತಾಪುರ ಅಥವಾ ಚಿಂಚೋಳಿಯ ಸಂತೆಯಲ್ಲಿ ಗಡ್ಡೆ ಕರಗಿಸುವ ಎಣ್ಣೆ ಎಂದು ಯಾರಾದರೂ ಮಾರಿದರೆ, ಎಷ್ಟು ಜನರಲ್ಲಿ ಪರೀಕ್ಷಿಸಿದ್ದೀರಿ ಎಂದು ಕೇಳಿ. ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರವಿದೆ.

ನಿಮ್ಮ ಮನೆಯಲ್ಲಿ ಅಜ್ಜಿಗೋ ಚಿಕ್ಕಪ್ಪನಿಗೋ ಈ ಚಿಕಿತ್ಸೆ ನಡೆಯುತ್ತಿದ್ದರೆ, ಊದುಬತ್ತಿ ಹಚ್ಚುವ ಮುಂಚೆ ಅವರನ್ನೇ ಕೇಳಿ. ಸುಗಂಧ ತೈಲವನ್ನು ಕುಡಿಸಬಾರದು, ವೈದ್ಯರನ್ನು ಕೇಳದೆ ಚರ್ಮಕ್ಕೂ ಹಚ್ಚಬಾರದು. ಔಷಧ ನಡೆಯುವ ದಿನಗಳಲ್ಲಿ ಅಜ್ಜಿಗೆ ಬಹಳ ಇಷ್ಟವಾದ ಮಲ್ಲಿಗೆಯಿಂದಲೂ ವಾಕರಿಕೆ ಬರಬಹುದು. ಆಗ ಕಿಟಕಿ ತೆರೆದು ಗಾಳಿ ಬರುವಂತೆ ಮಾಡಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.